ಮಾವನನ್ನು ಕರುಳು ಶುದ್ಧಿ ಶಿಬಿರಕ್ಕೆ ಕಳಿಸಬಹುದೇ? ಗೊತ್ತಿದ್ದವರು ದಯವಿಟ್ಟು ಹೇಳಿ

ಪೆರ್ಲದ ಸೊಸೆ (ಶುಕ್ರವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ನನ್ನ ಮಾವನಿಗೆ 67 ವರ್ಷ. ತೋಟದ ಕೆಲಸ ಈಗಲೂ ಬಿಟ್ಟಿಲ್ಲ. ಬೆಳಿಗ್ಗೆ ಎದ್ದು ಸ್ಪ್ರಿಂಕ್ಲರ್ ಬದಲಿಸಿ ಬಂದ ಮೇಲೆಯೇ ಅವರಿಗೆ ಚಾ. ಆದರೆ ಹತ್ತು ತಿಂಗಳಿಂದ ಹೊಟ್ಟೆ ಸರಿಯಿಲ್ಲ ಎನ್ನುತ್ತಾರೆ. ಎರಡು ಮೂರು ದಿನ ಹೋಗುವುದೇ ಇಲ್ಲ. ಮತ್ತೆ ಒಂದು ದಿನ ನಾಲ್ಕು ಸಲ. ಹೋಗಿ ಬಂದರೂ ಪೂರ್ತಿ ಹೋದ ಹಾಗೆ ಆಗುವುದಿಲ್ಲವಂತೆ.

ಕಳೆದ ವಾರ ಒಂದು ಮದುವೆಯಲ್ಲಿ ಯಾರೋ ಅವರ ಕೈಗೆ ಕಾಗದ ಕೊಟ್ಟಿದ್ದಾರೆ. ಮೂರು ದಿನದ ಕರುಳು ಶುದ್ಧಿ ಶಿಬಿರ. ಮೊದಲ ದಿನ ಉಪ್ಪುನೀರು ಕುಡಿಸುವುದು, ಎರಡನೇ ದಿನ ಯಂತ್ರದಲ್ಲಿ ನೀರು ಹಾಯಿಸಿ ದೊಡ್ಡ ಕರುಳು ತೊಳೆಯುವುದು, ಮೂರನೇ ದಿನ ಕಾಫಿ ಎನಿಮಾ, ಎಂದರೆ ಗುದದ ಮೂಲಕ ಕಾಫಿ ಒಳಗೆ ಬಿಡುವುದು. ಆರು ಸಾವಿರ ರೂಪಾಯಿ. ಕರುಳಿನ ಗೋಡೆಗೆ ವರ್ಷಗಟ್ಟಲೆ ಅಂಟಿದ ಐದು ಕಿಲೋ ಕೊಳೆ, ವಿಷ ಎಲ್ಲ ಹೊರಗೆ ಬರುತ್ತದೆ ಎಂದು ಚಿತ್ರ ಸಮೇತ ಹಾಕಿದ್ದಾರೆ. ನಮ್ಮದು ಕೇರಳದ ಕಾಸರಗೋಡು ಜಿಲ್ಲೆ, ಕಾಗದ ಪೂರ್ತಿ ಮಲಯಾಳದಲ್ಲಿದೆ. ಮಾವ ಕನ್ನಡ ಶಾಲೆಯಲ್ಲಿ ಕಲಿತವರು. ಮಲಯಾಳ ಮಾತಾಡುತ್ತಾರೆ, ಓದಲು ಬರುವುದಿಲ್ಲ. ನಾನು ಪುತ್ತೂರು ಕಡೆಯವಳು. ಪಕ್ಕದ ಮನೆಯ ಹುಡುಗಿಯ ಹತ್ತಿರ ಓದಿಸಿಕೊಂಡೆ. ಅಷ್ಟರಲ್ಲಿ ಮಾವ ಚಿತ್ರ ನೋಡಿಯೇ ಹೋಗುವುದು ಎಂದು ತೀರ್ಮಾನ ಮಾಡಿ ಆಗಿತ್ತು.

ನನ್ನವರು ಶಾರ್ಜಾದಲ್ಲಿದ್ದಾರೆ. "ಅಪ್ಪನಿಗೆ ಸಮಾಧಾನ ಆಗುವುದಾದರೆ ಹೋಗಲಿ" ಎಂದರು. ನನಗೆ ಹೆದರಿಕೆ. ಮಾವ ಬಿಪಿಗೆ ಎರಡು ಮಾತ್ರೆ ತೆಗೆದುಕೊಳ್ಳುತ್ತಾರೆ, ಅದರಲ್ಲಿ ಒಂದು ಮೂತ್ರದಲ್ಲಿ ನೀರು ಹೋಗುವ ಮಾತ್ರೆ. ಯಾರಾದರೂ ಇದನ್ನು ಮಾಡಿಸಿಕೊಂಡಿದ್ದೀರಾ? ಮುಂದಿನ ಭಾನುವಾರ ಹೊರಡಬೇಕು ಎಂದಿದ್ದಾರೆ.

ಮುಳ್ಳೇರಿಯ ತೋಟ (ಶುಕ್ರವಾರ ರಾತ್ರಿ)

ತಂಗಿ, ನಮ್ಮ ಮನೆಯಲ್ಲಿ ಅಜ್ಜಿ ಇದ್ದಷ್ಟು ಕಾಲ ವರ್ಷಕ್ಕೊಮ್ಮೆ ಮಕ್ಕಳಿಗೆಲ್ಲ ಹರಳೆಣ್ಣೆ ಕುಡಿಸುತ್ತಿದ್ದರು. ಸಾಲಾಗಿ ಕೂರಿಸಿ, ಮೂಗು ಹಿಡಿದು ಒಂದೊಂದು ಚಮಚ. ಆ ದಿನ ಶಾಲೆ ಇಲ್ಲ. ಮಧ್ಯಾಹ್ನ ಗಂಜಿ, ಉಪ್ಪಿನಕಾಯಿ ರಸ. ಹೊಟ್ಟೆಯ ಹುಳ ಎಲ್ಲ ಹೋಗುತ್ತದೆ ಎನ್ನುವ ನಂಬಿಕೆ. ನಮಗೆ ಏನೂ ಆಗಲಿಲ್ಲ. ಆದರೆ ನಾವು ಆಗ ಎಂಟು ಹತ್ತು ವರ್ಷದವರು. 67 ವರ್ಷದವರಿಗೆ ಮೂರು ದಿನ ಬಿಡದೆ ತೊಳೆಯುವುದು ಎಂದರೆ ಕೇಳುವಾಗಲೇ ಜಾಸ್ತಿ ಅನ್ನಿಸುತ್ತದೆ. ಮೊದಲು ಡಾಕ್ಟರರಿಗೆ ಒಮ್ಮೆ ತೋರಿಸಿ.

ಮಂಜೇಶ್ವರ ಯೋಗ (ಶನಿವಾರ ಬೆಳಿಗ್ಗೆ)

ನಾನು ಮೂರು ಸಲ ಶಂಖ ಪ್ರಕ್ಷಾಲನ ಮಾಡಿದ್ದೇನೆ. ಉಗುರು ಬೆಚ್ಚಗಿನ ಉಪ್ಪುನೀರು ಎರಡು ಲೋಟ ಕುಡಿಯುವುದು, ತಾಡಾಸನ, ಕಟಿಚಕ್ರಾಸನ, ತಿರ್ಯಕ್ ಭುಜಂಗಾಸನ ಹೀಗೆ ಐದು ಆಸನ, ಮತ್ತೆ ಎರಡು ಲೋಟ. ಕೊನೆಗೆ ಕುಡಿದ ನೀರೇ ತಿಳಿಯಾಗಿ ಹೊರಗೆ ಬರುತ್ತದೆ. ಆಮೇಲೆ ತುಪ್ಪ ಹಾಕಿದ ಕಿಚಡಿ, ವಿಶ್ರಾಂತಿ. ಎರಡು ದಿನ ಮೈ ಹಗುರವಾಗಿ ಹಾರಾಡುವ ಹಾಗಿತ್ತು. ತೂಕ ಒಂದೂವರೆ ಕಿಲೋ ಇಳಿದಿತ್ತು. ಗುರುಗಳ ಎದುರು ಮಾಡಿದರೆ ಒಳ್ಳೆಯದೇ. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ.

ಉಪ್ಪಳದ ನರ್ಸಕ್ಕ (ಶನಿವಾರ ಮಧ್ಯಾಹ್ನ)

ನಾನು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಎಂಡೋಸ್ಕೋಪಿ ಕೋಣೆಯಲ್ಲಿ 19 ವರ್ಷ ಕೆಲಸ ಮಾಡಿದ್ದೇನೆ. ಕಂಡದ್ದನ್ನು ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಓದಿ.

ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದ. ಕೊಲೊನೊಸ್ಕೋಪಿ ಮಾಡುವಾಗ ತುದಿಯಲ್ಲಿ ಕ್ಯಾಮೆರಾ ಇರುವ ಬಳ್ಳಿಯಂಥ ನಳಿಕೆ ಅದರ ಕೊನೆಯವರೆಗೆ ಹೋಗುತ್ತದೆ. ಪರದೆಯ ಮೇಲೆ ಎಲ್ಲ ಕಾಣುತ್ತದೆ. ಸಾವಿರಾರು ಜನರ ಕರುಳಿನ ಒಳಗನ್ನು ನಾನು ಹೀಗೆ ನೋಡಿದ್ದೇನೆ. ಎಳೆಯರದ್ದು, 90 ದಾಟಿದವರದ್ದು, ವಾರಕ್ಕೊಮ್ಮೆ ಮಾತ್ರ ಹೋಗುವವರದ್ದು. ಗೋಡೆಗೆ ವರ್ಷಗಟ್ಟಲೆ ಅಂಟಿಕೊಂಡ ಕೊಳೆಯ ಪದರ ಒಬ್ಬರಲ್ಲೂ ಕಾಣಲಿಲ್ಲ. ನಮ್ಮ ಬಾಯಿಯ ಒಳಗಿನ ಹಾಗೆ ನಸುಗೆಂಪು, ಒದ್ದೆ, ಹೊಳಪು. ಹಿಂದಿನ ದಿನ ಕರುಳು ಖಾಲಿ ಮಾಡುವ ಔಷಧಿ ಸರಿಯಾಗಿ ಕುಡಿಯದವರಲ್ಲಿ ಮಲ ಉಳಿದಿರುತ್ತದೆ. ಅದೂ ನೀರು ಚಿಮ್ಮಿಸಿದ ಕೂಡಲೇ ಜಾರಿ ಹೋಗುತ್ತದೆ.

ಯಾಕೆ ಅಂಟುವುದಿಲ್ಲ ಅಂದರೆ, ಕರುಳಿನ ಒಳಪದರ ಲೋಳೆ ಸುರಿಸುತ್ತಲೇ ಇರುತ್ತದೆ. ಆ ಪದರದ ಜೀವಕೋಶಗಳೂ ನಾಲ್ಕೈದು ದಿನಕ್ಕೆಲ್ಲ ಉದುರಿ ಹೊಸದು ಬರುತ್ತವೆ. ಗೋಡೆಯೇ ಉದುರುವಾಗ ಅದರ ಮೇಲೆ ಇಪ್ಪತ್ತು ವರ್ಷದ ಕೊಳೆ ಎಲ್ಲಿ ಕೂರಬೇಕು? ನಮಗೆ ದಿನಕ್ಕೆ ಹೋಗುವ ಮಲವೇ ಸಾಮಾನ್ಯವಾಗಿ 100ರಿಂದ 250 ಗ್ರಾಂ. ಐದು ಕಿಲೋ ಎನ್ನುವುದು ಹೆದರಿಸಲಿಕ್ಕೆ ಹೇಳುವ ಲೆಕ್ಕ.

ಈಗ ನಿಮ್ಮ ಮಾವನ ವಿಷಯ. ದೊಡ್ಡ ಕರುಳಿನ ಮುಖ್ಯ ಕೆಲಸ ನೀರು ಮತ್ತು ಲವಣ ಹೀರುವುದು. ಸಣ್ಣ ಕರುಳಿನಿಂದ ದಿನಕ್ಕೆ ಸುಮಾರು ಒಂದೂವರೆ ಲೀಟರ್ ದ್ರವ ಅಲ್ಲಿಗೆ ಬರುತ್ತದೆ. ಹೆಚ್ಚಿನದನ್ನು ಅದು ವಾಪಸು ಮೈಗೆ ಕೊಡುತ್ತದೆ. ಇಂಥ ಜಾಗಕ್ಕೆ ಲೀಟರುಗಟ್ಟಲೆ ಸಾದಾ ನೀರು ಬಿಟ್ಟರೆ ಆ ನೀರೂ ರಕ್ತಕ್ಕೆ ಸೇರಿ ಸೋಡಿಯಂ ಇಳಿಯಬಹುದು. ಬಾಯಿಂದ ಜಾಸ್ತಿ ಉಪ್ಪುನೀರು ಕುಡಿಸಿದರೆ ಸೋಡಿಯಂ ಏರಬಹುದು, ಜೊತೆಗೆ ಬಿಪಿ. ನೀರು ಹೋಗುವ ಮಾತ್ರೆ ತಿನ್ನುವವರಲ್ಲಿ ಪೊಟ್ಯಾಸಿಯಂ ಮೊದಲೇ ಕಡಿಮೆ ಇರಬಹುದು, ಭೇದಿಯಲ್ಲಿ ಇನ್ನೂ ಇಳಿದರೆ ಹೃದಯದ ಬಡಿತ ತಪ್ಪಬಹುದು. ಕಾಫಿ ಎನಿಮಾ ಪದೇ ಪದೇ ತೆಗೆದುಕೊಂಡು ಲವಣಾಂಶ ಏರುಪೇರಾಗಿ ಸತ್ತವರ ವರದಿಗಳು ವೈದ್ಯ ಪತ್ರಿಕೆಗಳಲ್ಲಿವೆ. ಕೊಳವೆ ಚುಚ್ಚಿ ಕರುಳು ತೂತಾದವರೂ ಇದ್ದಾರೆ.

ಮಂಜೇಶ್ವರದ ಅಣ್ಣ, ನಿಮಗೆ ಹಗುರ ಆದದ್ದು ಸುಳ್ಳಲ್ಲ. ಕರುಳು ಖಾಲಿ, ಗ್ಯಾಸ್ ಇಲ್ಲ, ಹಗುರ ಆಗಲೇಬೇಕು. ಆದರೆ ಇಳಿದ ಒಂದೂವರೆ ಕಿಲೋ ನೀರು ಮತ್ತು ಮಲ. ಎರಡು ದಿನದಲ್ಲಿ ತಿರುಗಿ ಬಂದಿರಬೇಕು, ಅಲ್ವಾ? ಆರೋಗ್ಯವಂತರು ಬಲ್ಲವರ ಎದುರು ಒಮ್ಮೆ ಮಾಡುವುದು ಬೇರೆ. ಬಿಪಿ, ಹೃದಯ, ಕಿಡ್ನಿ ತೊಂದರೆ ಇರುವವರು ಮಾಡಬಾರದು ಎಂದು ಯೋಗ ಕಲಿಸುವವರೇ ಹೇಳುತ್ತಾರೆ.

ತಂಗಿ, ಮೂರು ಪ್ರಶ್ನೆ. ಮಾವನ ತೂಕ ಇಳಿದಿದೆಯಾ? ಮೊದಲಿಗಿಂತ ಸುಸ್ತು ಇದೆಯಾ? ಮಲದಲ್ಲಿ ರಕ್ತ ಕಂಡಿದೆಯಾ? ಮೂರನೆಯದನ್ನು ಅವರ ಹತ್ತಿರವೇ ಕೇಳಬೇಕು. ಗಂಡಸರು ತಾವಾಗಿ ಹೇಳುವುದಿಲ್ಲ.

ಮಂಜೇಶ್ವರ ಯೋಗ (ಶನಿವಾರ ಸಂಜೆ)

ಅಕ್ಕ, ಹೌದು, ತೂಕ ವಾಪಸು ಬಂದಿತ್ತು. ನಮ್ಮ ಗುರುಗಳೂ ಮೊದಲು ಬಿಪಿ ಕೇಳಿಯೇ ಸೇರಿಸಿಕೊಂಡದ್ದು. ಅದನ್ನು ಮೊದಲೇ ಬರೆಯಬೇಕಿತ್ತು.

ಕುಂಬಳೆ ಮಾಷ್ಟ್ರು (ಶನಿವಾರ ರಾತ್ರಿ)

ನಾನು ವಿಜ್ಞಾನ ಕಲಿಸಿ ನಿವೃತ್ತನಾದವ. ಈ ಕರುಳಿನ ವಿಷದ ಕಥೆ ಹೊಸತಲ್ಲ. ನೂರು ವರ್ಷದ ಹಿಂದೆ ಯುರೋಪ್, ಅಮೆರಿಕದ ದೊಡ್ಡ ಡಾಕ್ಟರರೇ ಇದನ್ನು ನಂಬಿದ್ದರು. ಮಲ ಒಳಗೆ ಕೊಳೆತು ವಿಷವಾಗಿ ರಕ್ತಕ್ಕೆ ಸೇರುತ್ತದೆ, ತಲೆನೋವು, ಸುಸ್ತು, ಮುಪ್ಪು ಎಲ್ಲದಕ್ಕೂ ಅದೇ ಕಾರಣ ಎಂದು. ಲಂಡನ್ನಿನಲ್ಲಿ ವಿಲಿಯಂ ಆರ್ಬತ್‌ನಾಟ್ ಲೇನ್ ಎಂಬ ಹೆಸರುವಾಸಿ ಸರ್ಜನ್ ಬರೀ ಮಲಬದ್ಧತೆಗೆ ಎಂದು ಜನರ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯುತ್ತಿದ್ದರು. ಇದು ಓದಿದಾಗ ನನಗೆ ರಾತ್ರಿ ನಿದ್ದೆ ಬರಲಿಲ್ಲ.

1919ರಲ್ಲಿ ವಾಲ್ಟರ್ ಅಲ್ವಾರೆಜ್ ಎಂಬ ಅಮೆರಿಕದ ಡಾಕ್ಟರ್ ಒಂದು ಸರಳ ಪ್ರಶ್ನೆ ಎತ್ತಿದರು. ಹೊಟ್ಟೆ ಕಟ್ಟಿದಾಗ ಬಂದ ತಲೆಭಾರ ಮಲ ಹೋದ ಕೂಡಲೇ ಇಳಿಯುತ್ತದೆ. ರಕ್ತದಲ್ಲಿ ವಿಷ ಇದ್ದದ್ದಾದರೆ ಅಷ್ಟು ಬೇಗ ಹೇಗೆ ಹೋಯಿತು? ಹೆಂಡ ಕುಡಿದವನ ಅಮಲು ಬಾಟಲಿ ಬಿಸಾಡಿದ ಕೂಡಲೇ ಇಳಿಯುವುದಿಲ್ಲವಲ್ಲ. ಆಮೇಲೆ ಗುದದ ಒಳಗೆ ಬರೀ ಹತ್ತಿ ತುಂಬಿಸಿ ನೋಡಿದ ಪ್ರಯೋಗಗಳಲ್ಲೂ ಅದೇ ತಲೆಭಾರ, ಅದೇ ಮಂಕು ಬಂತು. ಹತ್ತಿ ತೆಗೆದರೆ ಹೋಯಿತು. ಹತ್ತಿಯಲ್ಲಿ ವಿಷ ಇಲ್ಲ. ಕರುಳು ಹಿಗ್ಗಿದಾಗ ನರಗಳು ಕೊಡುವ ಸೂಚನೆ ಅದು. ಡಾಕ್ಟರರು ಆ ನಂಬಿಕೆ ಬಿಟ್ಟರು. ತೊಳೆಯುವ ಅಂಗಡಿಗಳು ಬಿಡಲಿಲ್ಲ.

ಇನ್ನೊಂದು. ಅಮೆರಿಕದ ಕೊಲೊರಾಡೊದಲ್ಲಿ 1978ರಿಂದ 1980ರ ನಡುವೆ ಒಂದು ಕ್ಲಿನಿಕ್ಕಿನಲ್ಲಿ ಕರುಳು ತೊಳೆಸಿಕೊಂಡ ಕನಿಷ್ಠ 36 ಜನರಿಗೆ ಅಮೀಬಾ ಸೋಂಕು ತಗಲಿತು. ಹತ್ತು ಜನರ ದೊಡ್ಡ ಕರುಳು ತೆಗೆಯಬೇಕಾಯಿತು. ಅವರಲ್ಲಿ ಆರು ಜನ ಸತ್ತರು. ಒಬ್ಬರಿಂದ ಒಬ್ಬರಿಗೆ ಯಂತ್ರದ ಮೂಲಕ ದಾಟಿದ ಸೋಂಕು. ಶಿಬಿರದವರ ಹತ್ತಿರ ಕೊಳವೆ ಹೇಗೆ ತೊಳೆಯುತ್ತೀರಿ ಎಂದು ಕೇಳುವ ಧೈರ್ಯ ಎಷ್ಟು ಜನಕ್ಕಿದೆ?

ಪೆರ್ಲದ ಸೊಸೆ (ಭಾನುವಾರ ಬೆಳಿಗ್ಗೆ)

ಅಕ್ಕ, ಮಾಷ್ಟ್ರೇ, ನೀವು ಬರೆದದ್ದನ್ನು ರಾತ್ರಿ ಮಾವನಿಗೆ ಜೋರಾಗಿ ಓದಿ ಹೇಳಿದೆ. ಪೂರ್ತಿ ಕೇಳಿದರು. ಆಮೇಲೆ ಅವರು ಹೇಳಿದ ಮಾತಿಗೆ ನನಗೆ ಉತ್ತರ ಗೊತ್ತಾಗಲಿಲ್ಲ.

"ಅಮೆರಿಕದವರಿಗೆ ವಿಷ ಇರಲಿಕ್ಕಿಲ್ಲ ಮಗಳೇ. ನಮ್ಮ ತಲೆ ಮೇಲೆ ಹೆಲಿಕಾಪ್ಟರಿನಿಂದ ಹೊಯ್ದಿದ್ದಾರೆ. ಬಾವಿಗೆ ಬಿದ್ದಿದೆ, ಬಸಳೆ ಚಪ್ಪರಕ್ಕೆ ಬಿದ್ದಿದೆ. ಅದೆಲ್ಲ ನಮ್ಮ ಹೊಟ್ಟೆಯಲ್ಲೇ ಇರುವುದು" ಎಂದರು. ಗೇರು ತೋಟಕ್ಕೆ ಸಿಂಪಡಿಸಿದ ಎಂಡೋಸಲ್ಫಾನ್ ಎಂಬ ಕೀಟನಾಶಕದ ವಿಷಯ. ನಮ್ಮ ಎಣ್ಮಕಜೆ ಪಂಚಾಯತಿನಲ್ಲಿ ಆ ಕಾಲ ಕಂಡವರು ಅವರು. ಹತ್ತಿರದ ಸಂಬಂಧದಲ್ಲೇ ಎದ್ದು ನಡೆಯಲಾಗದ ಮಗುವನ್ನು ನೋಡಿದವರು. ಶಿಬಿರದ ಕಾಗದದಲ್ಲಿ ವಿಷ ಎನ್ನುವ ಶಬ್ದ ಇದೆ ಎಂದು ಕೇಳಿದಾಗ ಅವರಿಗೆ ಅದೇ ನೆನಪಾಗಿದೆ.

ರಕ್ತದ ಬಗ್ಗೆ ಕೇಳಿದೆ. ಮೊದಲು ಇಲ್ಲ ಎಂದರು. ಅತ್ತೆ ಒಳಗಿನಿಂದ "ಇದೆ" ಎಂದರು. ಮೂರು ನಾಲ್ಕು ತಿಂಗಳಿಂದ ಆಗಾಗ ಇದೆಯಂತೆ. ಪೈಲ್ಸ್ ಎಂದು ಅಂಗಡಿಯಿಂದ ಲೇಹ್ಯ ತಂದು ತಿನ್ನುತ್ತಿದ್ದರಂತೆ. ತೂಕ ನೋಡಿಲ್ಲ, ಆದರೆ ಪ್ಯಾಂಟು ಸಡಿಲವಾಗಿದೆ.

ಉಪ್ಪಳದ ನರ್ಸಕ್ಕ (ಭಾನುವಾರ ಬೆಳಿಗ್ಗೆ)

ತಂಗಿ, ಶಿಬಿರ ಬಿಡಿ. ಈ ವಾರವೇ ಡಾಕ್ಟರರಿಗೆ ತೋರಿಸಿ. 67 ವರ್ಷ, ಹೊಟ್ಟೆಯ ಅಭ್ಯಾಸ ಬದಲಾಗಿದೆ, ರಕ್ತ ಇದೆ, ತೂಕ ಇಳಿದ ಹಾಗಿದೆ. ಪೈಲ್ಸ್ ಇರಲೂಬಹುದು. ಆದರೆ ಪೈಲ್ಸ್ ಇದೆ ಎಂದ ಮಾತ್ರಕ್ಕೆ ಒಳಗೆ ಬೇರೆ ಏನೂ ಇಲ್ಲ ಎಂದಾಗುವುದಿಲ್ಲ. ಎರಡೂ ಒಟ್ಟಿಗೆ ಇದ್ದವರನ್ನು ನೋಡಿದ್ದೇನೆ. ಲೇಹ್ಯ ತಿಂದು, ತೊಳೆಸಿಕೊಂಡು, ಒಂದು ವರ್ಷ ಕಳೆದು ಬಂದವರನ್ನೂ ನೋಡಿದ್ದೇನೆ. ಆ ಒಂದು ವರ್ಷ ತಿರುಗಿ ಸಿಗುವುದಿಲ್ಲ.

ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಕೊಲೊನೊಸ್ಕೋಪಿ ಬೇಕಾ ಎಂದು ನೀವೇ ಬಾಯಿ ಬಿಟ್ಟು ಕೇಳಿ. ತಿನ್ನುವ ಮಾತ್ರೆಗಳ ಪಟ್ಟಿ ಕೈಯಲ್ಲಿರಲಿ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಮರೆಯದೆ ಹೇಳಿ.

ಕುಂಬಳೆ ಮಾಷ್ಟ್ರು (ಭಾನುವಾರ ಮಧ್ಯಾಹ್ನ)

ಮಾವನ ಮಾತು ಓದಿ ತುಂಬಾ ಹೊತ್ತು ಸುಮ್ಮನೆ ಕೂತೆ. ಅವರ ಹೆದರಿಕೆ ನ್ಯಾಯವಾದದ್ದು. ಗೇರು ತೋಟಗಳ ಮೇಲೆ 2000ದವರೆಗೆ ಇಪ್ಪತ್ತಕ್ಕೂ ಜಾಸ್ತಿ ವರ್ಷ ಆಕಾಶದಿಂದ ಸಿಂಪಡಿಸಿದ್ದು ಸತ್ಯ. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೇ ಅದನ್ನು ನಿಲ್ಲಿಸಿದ್ದೂ ಸತ್ಯ. ಅವರಿಗೆ ಹೀಗೆ ಹೇಳಿ. ಅಂಥ ವಿಷ ಮೈಗೆ ಹೋದರೆ ರಕ್ತಕ್ಕೆ, ಲಿವರಿಗೆ, ಕೊಬ್ಬಿಗೆ, ನರಗಳಿಗೆ ಹೋಗುತ್ತದೆ. ಕರುಳಿನ ಕೊನೆಯ ಐದು ಅಡಿಯಲ್ಲಿ ಪಾತ್ರೆಯ ತಳಕ್ಕೆ ಸೀದು ಹಿಡಿದದ್ದರ ಹಾಗೆ ಕೂತಿರುವುದಿಲ್ಲ. ಕೊಳವೆಯ ನೀರು ಅಲ್ಲಿಗೆಲ್ಲ ತಲುಪುವುದೇ ಇಲ್ಲ. ನಿಮ್ಮ ನೋವನ್ನು ತಿಳಿದವರು ಹೀಗೆ ಆರು ಸಾವಿರ ತೆಗೆದುಕೊಳ್ಳುವುದು ನನಗೆ ಸಹಿಸಲು ಆಗುವುದಿಲ್ಲ ಎಂದೂ ಹೇಳಿ.

ವೈದ್ಯರ ಮಗಳು, ಬದಿಯಡ್ಕ (ಭಾನುವಾರ ರಾತ್ರಿ)

ನನ್ನ ಅಪ್ಪ ಆಯುರ್ವೇದ ವೈದ್ಯರಾಗಿದ್ದರು. ಶಿಬಿರಗಳು ಪಂಚಕರ್ಮದ ಹೆಸರು ಹೇಳುವುದರಿಂದ ಇದನ್ನು ಬರೆಯಲೇಬೇಕು. ವಿರೇಚನವಾಗಲಿ (ಭೇದಿ ಮಾಡಿಸುವುದು) ಬಸ್ತಿಯಾಗಲಿ (ಗುದದ ಮೂಲಕ ಔಷಧಿ ಕೊಡುವುದು) ಎಲ್ಲರನ್ನೂ ಒಂದೇ ಹಾಲ್‌ನಲ್ಲಿ ಕೂರಿಸಿ ಮಾಡುವ ಕೆಲಸ ಅಲ್ಲ. ರೋಗಿಯ ಬಲ ನೋಡಬೇಕು. ಮೊದಲು ತುಪ್ಪ ಅಥವಾ ಎಣ್ಣೆ ಕೊಟ್ಟು ಮೈ ಸ್ನಿಗ್ಧ ಮಾಡಬೇಕು, ಬೆವರಿಸಬೇಕು. ಆಮೇಲೆ ಗಂಜಿ ತೆಳಿಯಿಂದ ಶುರು ಮಾಡಿ ದಿನ ಕಳೆದ ಹಾಗೆ ದಪ್ಪ ಗಂಜಿಗೆ ಬರಬೇಕು. ನಿಶ್ಶಕ್ತರಿಗೆ, ಗುದದಲ್ಲಿ ರಕ್ತ ಹೋಗುವವರಿಗೆ ವಿರೇಚನ ಬೇಡ ಎಂದು ಗ್ರಂಥಗಳೇ ಹೇಳುತ್ತವೆ. ಅಪ್ಪ ರಕ್ತ ಎಂದು ಕೇಳಿದರೆ ಔಷಧಿ ಪೆಟ್ಟಿಗೆ ಮುಚ್ಚಿ ಮಂಗಳೂರಿಗೆ ಕಳಿಸುತ್ತಿದ್ದರು. ಕಾಫಿ ಎನಿಮಾ ಎಂಬುದು ನಮ್ಮ ಯಾವ ಗ್ರಂಥದಲ್ಲೂ ಇಲ್ಲ.

ಆಟಿ ಅಮಾವಾಸ್ಯೆಗೆ ಕುಡಿಯುವ ಪಾಲೆ ಮರದ ಕೆತ್ತೆಯ (ತೊಗಟೆಯ) ಕಷಾಯವನ್ನೂ ಕೆಲವರು ಈಗ ಕರುಳು ಶುದ್ಧಿ ಎನ್ನುತ್ತಾರೆ. ಅದು ಭೇದಿ ಮಾಡಿಸುವ ಔಷಧಿ ಅಲ್ಲ. ಮರದ ಗುರುತಿಲ್ಲದವರು ಕೆತ್ತೆ ತರಲೇಬಾರದು. ಕಾಸರಕ ಎಂಬ ವಿಷದ ಮರದ ತೊಗಟೆ ಬಂದರೆ ಪ್ರಾಣಕ್ಕೇ ಅಪಾಯ.

ನೀರ್ಚಾಲಿನವ (ಸೋಮವಾರ)

ಒಂದು ಸಂಶಯ. ನನ್ನ ಭಾವ ಆನ್‌ಲೈನಿನಲ್ಲಿ ಪುಡಿ ತರಿಸಿ ಕುಡಿದರು. ನಾಲ್ಕನೇ ದಿನ ಹಗ್ಗದ ಹಾಗೆ ಕಪ್ಪಗೆ ಉದ್ದಕ್ಕೆ ಏನೋ ಬಂತು, ಫೋಟೋ ಕೂಡ ಕಳಿಸಿದರು. ಕೊಳೆ ಅಂಟಿರುವುದಿಲ್ಲ ಎಂದರೆ ಅದು ಏನು?

ಉಪ್ಪಳದ ನರ್ಸಕ್ಕ (ಸೋಮವಾರ)

ಪ್ಯಾಕೆಟ್ಟಿನ ಹಿಂದೆ ಓದಿ. ಇಸಬ್ಗೋಲ್ ಮತ್ತು ಬೆಂಟೋನೈಟ್ ಎಂಬ ಜೇಡಿಮಣ್ಣು ಇರಬೇಕು. ಇಸಬ್ಗೋಲನ್ನು ಲೋಟ ನೀರಿಗೆ ಹಾಕಿ ಇಡಿ, ಲೋಳೆಯಾಗಿ ಗಟ್ಟಿಯಾಗುತ್ತದೆ. ಜೇಡಿ ಸೇರಿದರೆ ರಬ್ಬರಿನ ಹಾಗೆ. ಕರುಳಿನ ಆಕಾರಕ್ಕೆ ಎರಕ ಹೊಯ್ದ ಹಾಗೆ ಹೊರಗೆ ಬರುತ್ತದೆ. ಹಾಕಿದ ಪುಡಿಯೇ ಹೊರಗೆ ಬಂದದ್ದು.

ಬರೀ ಇಸಬ್ಗೋಲ್ ಒಳ್ಳೆಯದೇ. ನೀರು ಧಾರಾಳ ಕುಡಿಯಬೇಕು ಅಷ್ಟೆ. ಸೋನಾಮುಖಿ ಎಂಬ ಭೇದಿ ಮಾಡಿಸುವ ಎಲೆ ಮಾತ್ರ ವರ್ಷಗಟ್ಟಲೆ ದಿನವೂ ತಿನ್ನಬೇಡಿ. ತಿಂದವರ ಕರುಳಿನ ಒಳಗೆ ಹಾವಿನ ಚರ್ಮದ ಹಾಗೆ ಕಂದು ಬಣ್ಣ ಕೂತಿರುತ್ತದೆ. ಬಿಟ್ಟರೆ ಕೆಲವು ತಿಂಗಳಲ್ಲಿ ಮಾಸುತ್ತದೆ.

ಮುಳ್ಳೇರಿಯ ತೋಟ (ಸೋಮವಾರ)

ಅಕ್ಕ, ಹಾಗಾದರೆ ದಿನಾ ಹೋಗದಿದ್ದರೆ ಚಿಂತೆ ಇಲ್ಲವಾ? ನನಗೆ ಎರಡು ದಿನಕ್ಕೊಮ್ಮೆ.

ಉಪ್ಪಳದ ನರ್ಸಕ್ಕ (ಸೋಮವಾರ)

ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೆ ಎಲ್ಲ ಸರಿಯೇ, ನೋವಿಲ್ಲದೆ ಹೋದರೆ. ನಿಮ್ಮದೇ ಅಭ್ಯಾಸ ಇದ್ದಕ್ಕಿದ್ದಂತೆ ಬದಲಾಗಿ ಕೆಲವು ವಾರ ಹಾಗೆಯೇ ಉಳಿದರೆ ತೋರಿಸಬೇಕು.

ದಿನಕ್ಕೆ 25 ಗ್ರಾಂ ಆದರೂ ನಾರು ಹೋಗಬೇಕು. ಹುರುಳಿ, ಅಲಸಂಡೆ, ಹರಿವೆ, ಬಾಳೆದಿಂಡು, ಗುಜ್ಜೆ ನಮ್ಮ ಹಿತ್ತಿಲಲ್ಲೇ ಇದೆ. ಬಾಳೆದಿಂಡು ಹೊಟ್ಟೆಯ ಕೂದಲು ತೆಗೆಯುತ್ತದೆ ಎಂದು ಹಿರಿಯರು ಹೇಳುತ್ತಾರೆ. ಹೊಟ್ಟೆಯಲ್ಲಿ ಕೂದಲೇನೂ ಇರುವುದಿಲ್ಲ, ಆದರೆ ಅದರ ನಾರು ಕೆಲಸ ಮಾಡುವುದು ನಿಜ. ಕಬ್ಬಿಣದ ಮಾತ್ರೆ, ಕೆಲವು ಬಿಪಿ ಮಾತ್ರೆ, ಕೆಲವು ನೋವಿನ ಮಾತ್ರೆಗಳಿಂದಲೂ ಹೊಟ್ಟೆ ಕಟ್ಟುತ್ತದೆ.

ಇನ್ನು ಕಮೋಡ್. ಗಲ್ಫಿನ ದುಡ್ಡಿನಲ್ಲಿ ಹೊಸ ಮನೆ ಕಟ್ಟಿದ ಮೇಲೆ ಹೊಟ್ಟೆ ಕಟ್ಟಿತು ಎನ್ನುವ ಹಿರಿಯರು ತುಂಬಾ ಜನ ಸಿಕ್ಕಿದ್ದಾರೆ. ಕುಕ್ಕುರುಗಾಲಿನಲ್ಲಿ ಕೂತರೆ ದಾರಿ ನೇರವಾಗುತ್ತದೆ, ಕಮೋಡಿನಲ್ಲಿ ಬಾಗಿರುತ್ತದೆ. ಕಾಲ ಕೆಳಗೆ ಒಂದು ಗಿಡ್ಡ ಮಣೆ ಇಡಿ. ಮೊಣಕಾಲು ಸೊಂಟಕ್ಕಿಂತ ಮೇಲೆ ಬರಬೇಕು. ಇಷ್ಟರಿಂದಲೇ ಮಾತ್ರೆ ಬಿಟ್ಟವರಿದ್ದಾರೆ.

ಪೆರ್ಲದ ಸೊಸೆ (ಮೂರು ವಾರದ ನಂತರ)

ಇಷ್ಟು ದಿನ ಬರೆಯಲು ಆಗಲಿಲ್ಲ, ಕ್ಷಮಿಸಿ. ಮಾವ ಶಿಬಿರಕ್ಕೆ ಹೋಗಲಿಲ್ಲ. ಮಾಷ್ಟ್ರು ಬರೆದದ್ದನ್ನು ಎರಡು ಸಲ ಓದಿಸಿಕೊಂಡರು. "ಇವರು ನಮ್ಮ ಊರಿನ ಕಥೆ ಗೊತ್ತಿದ್ದವರು" ಎಂದರು. ಮರುದಿನ ಅವರೇ ಶರ್ಟು ಹಾಕಿ ಹೊರಟರು.

ಹಿಮೋಗ್ಲೋಬಿನ್ ಕಡಿಮೆ, 9.6 ಮಾತ್ರ ಇತ್ತು. ಮಂಗಳೂರಿನಲ್ಲಿ ಕೊಲೊನೊಸ್ಕೋಪಿ ಆಯಿತು. ಪೈಲ್ಸ್ ಇತ್ತು. ಅದರ ಮೇಲೆ ಎಡಬದಿಯ ಕರುಳಿನಲ್ಲಿ ಎರಡು ಸೆಂಟಿಮೀಟರಿನ ಒಂದು ಪಾಲಿಪ್ ಇತ್ತು. ತೊಟ್ಟಿರುವ ಗಡ್ಡೆ, ಅಣಬೆಯ ಹಾಗೆ. ಅದೇ ನಳಿಕೆಯಲ್ಲಿ ತಂತಿಯ ಕುಣಿಕೆ ಹಾಕಿ ಆಗಲೇ ತೆಗೆದರು. ಹೊಟ್ಟೆ ಕೊಯ್ಯಲಿಲ್ಲ. ರಿಪೋರ್ಟು ಬರುವವರೆಗೆ ನಾವು ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಕ್ಯಾನ್ಸರ್ ಇಲ್ಲ. ಬಿಟ್ಟಿದ್ದರೆ ಕೆಲವು ವರ್ಷದಲ್ಲಿ ಆಗಬಹುದಾದ ಜಾತಿಯದ್ದು ಎಂದರು. ಮೂರು ವರ್ಷ ಬಿಟ್ಟು ಮತ್ತೆ ನೋಡಬೇಕು. ಮಕ್ಕಳೂ 40 ತುಂಬುವಾಗ ಪರೀಕ್ಷೆ ಮಾಡಿಸಬೇಕಂತೆ. ನನ್ನವರಿಗೆ ಈಗ 38.

ಮಾವ ಎಚ್ಚರವಾಗಿಯೇ ಪರದೆ ನೋಡಿದರಂತೆ. ಹೊರಗೆ ಬಂದು ನನಗೆ ಹೇಳಿದ ಮೊದಲ ಮಾತು, "ಒಳಗೆ ಕೊಳೆ ಏನೂ ಇಲ್ಲ ಮಗಳೇ. ಹೆಂಗಸರು ಸಾರಿಸಿದ ಜಗಲಿಯ ಹಾಗೆ ಇದೆ."

ಉಪ್ಪಳದ ನರ್ಸಕ್ಕ (ಅದೇ ದಿನ)

ಓದುವಾಗ ಕಣ್ಣು ತುಂಬಿತು ತಂಗಿ. ಮಾವನಿಗೆ ನನ್ನ ನಮಸ್ಕಾರ ಹೇಳಿ. ಅತ್ತೆಗೆ ಇನ್ನೂ ದೊಡ್ಡ ನಮಸ್ಕಾರ. ಒಳಗಿನಿಂದ "ಇದೆ" ಎಂದವರು ಅವರು.

ಬಾಯಾರಿನಿಂದ (ಮರುದಿನ)

ಅಕ್ಕ, ನನ್ನ ಅಪ್ಪನಿಗೂ ಬರುವ ಗುರುವಾರ ಕೊಲೊನೊಸ್ಕೋಪಿ ಇದೆ. ಹಿಂದಿನ ದಿನ ಎರಡು ಲೀಟರ್ ಔಷಧಿ ನೀರು ಕುಡಿಯಬೇಕು ಎಂದಿದ್ದಾರೆ. ಅಪ್ಪ ಒಂದು ಲೋಟಕ್ಕೇ ವಾಕರಿಸುವವರು. ಇದೂ ತೊಳೆಯುವುದೇ ಅಲ್ವಾ, ಅಪಾಯ ಇಲ್ಲವಾ ಎಂದು ಅಮ್ಮ ಕೇಳುತ್ತಿದ್ದಾರೆ. ನಿಮ್ಮ ಮಾವನಿಗೆ ಹೇಗೆ ಕುಡಿಸಿದಿರಿ?

ಪೆರ್ಲದ ಸೊಸೆ (ಮರುದಿನ)

ಅದೇ ಪ್ರಶ್ನೆ ನಾನೂ ಡಾಕ್ಟರರ ಹತ್ತಿರ ಕೇಳಿದ್ದೆ. ಆ ಪುಡಿಯಲ್ಲಿ ಲವಣಗಳ ಲೆಕ್ಕ ಸರಿ ಮಾಡಿರುತ್ತಾರಂತೆ, ಮೈಯಿಂದ ಜಾಸ್ತಿ ಎಳೆಯುವುದೂ ಇಲ್ಲ, ಮೈಗೆ ಸೇರಿಸುವುದೂ ಇಲ್ಲ. ಒಳಗೆ ಸ್ಪಷ್ಟ ಕಾಣಲಿಕ್ಕೆ ಅಂತ ಒಂದು ಸಲ ಮಾತ್ರ. ಬಿಪಿ ಮಾತ್ರೆ, ಸಕ್ಕರೆ ಮಾತ್ರೆ ಯಾವುದು ಬಿಡಬೇಕು ಯಾವುದು ತಿನ್ನಬೇಕು ಎಂದು ಬರೆಸಿಕೊಳ್ಳಿ. ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳಿ.

ನಾವು ಮಧ್ಯಾಹ್ನವೇ ಕಲಸಿ ಫ್ರಿಜ್ಜಿನಲ್ಲಿಟ್ಟೆವು. ತಣ್ಣಗಾದರೆ ವಾಸನೆ ಕಡಿಮೆ. ಹದಿನೈದು ನಿಮಿಷಕ್ಕೊಂದು ಲೋಟ, ನಡುವೆ ಜಗಲಿಯಲ್ಲಿ ನಡೆದಾಟ. ಬಾಯಿ ರುಚಿಗೆ ನಿಂಬೆಹೋಳು ಚೀಪಿಸಿದೆ. ಡಾಕ್ಟರರನ್ನು ಕೇಳಿಯೇ ಸೋಸಿದ ಎಳನೀರು ಕೊಟ್ಟೆ. ಅತ್ತೆ ಪುನರ್ಪುಳಿ ಶರಬತ್ತು ಮಾಡಿ ಇಟ್ಟಿದ್ದರು, ಅದನ್ನು ಕೊಡಲಿಲ್ಲ. ಕೆಂಪು ಬಣ್ಣದ್ದು ಯಾವುದೂ ಬೇಡ, ಒಳಗೆ ನೋಡುವಾಗ ರಕ್ತದ ಹಾಗೆ ಕಾಣುತ್ತದಂತೆ. ಬಚ್ಚಲಿಗೆ ಹತ್ತಿರದ ಕೋಣೆಯಲ್ಲಿ ಹಾಸಿಗೆ ಹಾಕಿ, ರಾತ್ರಿ ದೀಪ ಆರಿಸಬೇಡಿ.